ಬೇಕಂತ ಹೊಡೀಲಿಲ್ಲ, ಆದ್ರೂ ನಿಷೇಧ ಯಾಕೆ? ಅಮಿತ್ ರೋಹಿದಾಸ್ ರೆಡ್ ಕಾರ್ಡ್ ಕಥೆ

ಮಾಲೂರಿಂದ ಬೆಳಗಿನ ರೈಲು ಹತ್ತಿರೋರು, ಮುಳಬಾಗಿಲು ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿರೋರು, ಎಲ್ರೂ ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತು ಒಂದು ಹಳೇ ಜಗಳ ಮತ್ತೆ ತೆಗೀತೀನಿ. ಆಟದಲ್ಲಿ ಒಬ್ಬನ ತಲೆಗೆ ಏಟು ಬಿತ್ತು, ಹೊಡೆದವನಿಗೆ ಅಂಥ ಉದ್ದೇಶ ಇರಲಿಲ್ಲ. ಹಂಗಿದ್ರೂ ಅವನನ್ನ ಮುಂದಿನ ಪಂದ್ಯದಿಂದ ಹೊರಗಿಡಬೇಕಾ?

2024ರ ಆಗಸ್ಟ್ 4, ಭಾನುವಾರ ಮಧ್ಯಾಹ್ನ. ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ಕ್ವಾರ್ಟರ್ ಫೈನಲ್, ಭಾರತ ಮತ್ತು ಗ್ರೇಟ್ ಬ್ರಿಟನ್. ಶ್ರೀನಿವಾಸಪುರದಲ್ಲಿ ಗೆಳೆಯನ ಅಂಗಡಿ ಮುಂದೆ ನಾವು ಐದು ಜನ ಒಂದೇ ಫೋನಿಗೆ ಬಗ್ಗಿಕೊಂಡು ನೋಡ್ತಾ ಇದ್ವಿ. 17ನೇ ನಿಮಿಷ. ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್ ಬಾಲ್ ತಗೊಂಡು ಹೋಗ್ತಿದ್ರು, ಬ್ರಿಟನ್ನಿನ ವಿಲ್ ಕ್ಯಾಲ್ನನ್ ಅಡ್ಡ ಬಂದ್ರು. ರೋಹಿದಾಸ್ ಸ್ಟಿಕ್ ಮೇಲೆದ್ದು ಕ್ಯಾಲ್ನನ್ ತಲೆಗೆ ತಗುಲ್ತು. ಅಂಪೈರ್ ವಿಡಿಯೋ ನೋಡಿಸಿದ್ರು. ಬಂದಿದ್ದು ರೆಡ್ ಕಾರ್ಡ್.

ಅಂಗಡಿ ಮುಂದೆ ಶುರುವಾಯ್ತು ನೋಡಿ. ಒಬ್ಬ, "ಅವರ ಕಣ್ಣು ಬಾಲ್ ಮೇಲಿತ್ತು ಕಣೋ, ಇದು ಮೋಸ" ಅಂದ. ಇನ್ನೊಬ್ಬ, "ಆ ಸ್ಟಿಕ್ ನಿನ್ ಮುಖಕ್ಕೆ ಬಿದ್ದಿದ್ರೆ ಹಿಂಗೇ ಮಾತಾಡ್ತಿದ್ಯಾ?" ಅಂದ.

ಮುಂದೇನಾಯ್ತು ಅಂತ ನಿಮಗೂ ಗೊತ್ತಿರುತ್ತೆ. ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಭಾರತ ಹತ್ತೇ ಜನ ಆಡಿದ್ರು. ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದ್ರು, ಬ್ರಿಟನ್ ಸಮ ಮಾಡ್ತು, 1-1. ಶೂಟೌಟಲ್ಲಿ ಶ್ರೀಜೇಶ್ ಗೋಡೆ ಥರ ನಿಂತ್ರು, 4-2ರಿಂದ ಗೆದ್ವಿ. ಆದ್ರೆ ಖುಷಿ ಇಳಿಯೋ ಮೊದಲೇ ಇನ್ನೊಂದು ಸುದ್ದಿ ಬಂತು. ರೋಹಿದಾಸ್ ನೀತಿ ಸಂಹಿತೆ ಉಲ್ಲಂಘಿಸಿದ್ದಾರೆ ಅಂತ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್, ಅಂದ್ರೆ ಎಫ್‌ಐಎಚ್, ಅವರಿಗೆ ಒಂದು ಪಂದ್ಯ ನಿಷೇಧ ಹಾಕ್ತು. ಹಾಕಿ ಇಂಡಿಯಾ ಮೇಲ್ಮನವಿ ಹಾಕಿತು, ಅದೂ ಬಿದ್ದುಹೋಯ್ತು. ಆಗಸ್ಟ್ 6ರ ಸೆಮಿಫೈನಲ್‌ಗೆ ಅವರಿಲ್ಲ. ಪೆನಾಲ್ಟಿ ಕಾರ್ನರ್ ತಡೆಯೋಕೆ ಎಲ್ಲರಿಗಿಂತ ಮುಂದೆ ಓಡೋ ಆಟಗಾರ ಅವರೇ. ಜರ್ಮನಿ ಎದುರು 3-2ರಿಂದ ಸೋತ್ವಿ, ಅದರಲ್ಲಿ ಒಂದು ಗೋಲು ಪೆನಾಲ್ಟಿ ಕಾರ್ನರಿಂದಲೇ ಬಂತು. ಅವರಿದ್ದಿದ್ರೆ ಗೆಲ್ತಿದ್ವಿ ಅಂತ ನಾನು ಹೇಳಲ್ಲ. ಆದ್ರೆ ಆ ನೋವು ಯಾಕೆ ಅಂತ ಅರ್ಥ ಆಗುತ್ತೆ.

ಈಗ ನಿಯಮಕ್ಕೆ ಬರೋಣ. ಹಾಕಿಯಲ್ಲಿ ಮೂರು ಕಾರ್ಡ್. ಗ್ರೀನ್ ಅಂದ್ರೆ 2 ನಿಮಿಷ ಹೊರಗೆ. ಯೆಲ್ಲೋ ಅಂದ್ರೆ ಕನಿಷ್ಠ 5 ನಿಮಿಷ. ರೆಡ್ ಅಂದ್ರೆ ಆ ಪಂದ್ಯ ಅಲ್ಲಿಗೇ ಮುಗೀತು, ಬದಲಿ ಆಟಗಾರನೂ ಇಲ್ಲ. ಸ್ಟಿಕ್ ಅಪಾಯಕಾರಿಯಾಗಿ ಬಳಸಬಾರದು, ಇನ್ನೊಬ್ಬರ ತಲೆ ಮೇಲಕ್ಕೆ ಎತ್ತಬಾರದು ಅಂತ ನಿಯಮದಲ್ಲೇ ಇದೆ. ಅಲ್ಲಿ ಕೇಳೋದು "ಅಪಾಯ ಆಯ್ತಾ?" ಅಂತ, "ಬೇಕಂತ ಮಾಡಿದ್ಯಾ?" ಅಂತ ಅಲ್ಲ.

ನಾನು ಬಿ.ಕಾಂ ಓದಿದವನು, ಆ ಲೆಕ್ಕದಲ್ಲೇ ಹೇಳ್ತೀನಿ. ಜಿಎಸ್‌ಟಿ ರಿಟರ್ನ್ ತಡವಾದ್ರೆ ಲೇಟ್ ಫೀ ಬೀಳುತ್ತೆ. ಮರೆತ್ಯಾ, ಹುಷಾರಿರಲಿಲ್ವಾ ಅಂತ ಪೋರ್ಟಲ್ ಕೇಳಲ್ಲ. ಆದ್ರೆ ಸುಳ್ಳು ಬಿಲ್ ಮಾಡಿ ಸಿಕ್ಕಿಬಿದ್ರೆ ಅದು ಬೇರೆಯದೇ ಕೇಸು, ಅಲ್ಲಿ ಉದ್ದೇಶ ನೋಡ್ತಾರೆ. ಕಾರ್ಡ್ ಅನ್ನೋದು ಲೇಟ್ ಫೀ ಥರ. ನಿಷೇಧ ಅನ್ನೋದು ಎರಡನೇ ಕೇಸಿನ ಥರ ಇರಬೇಕು. ಅಭಿಮಾನಿಗಳು ಜಗಳ ಆಡುವಾಗ ಇವೆರಡನ್ನೂ ಕಲಸಿಬಿಡ್ತಾರೆ.

ಇದು ಹಾಕಿಗೆ ಮಾತ್ರ ಬಂದ ತಲೆನೋವಲ್ಲ. ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 2010ರ ಮಾರ್ಚಲ್ಲಿ ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್, ಬಾಸ್ಟನ್‌ನ ಮಾರ್ಕ್ ಸವಾರ್ಡ್ ತಲೆಗೆ ಗುದ್ದಿದ್ರು. ಸವಾರ್ಡ್ ಮಿದುಳಿಗೆ ಪೆಟ್ಟಾಯ್ತು, ಕುಕ್‌ಗೆ ಒಂದು ದಿನದ ನಿಷೇಧವೂ ಆಗಲಿಲ್ಲ. ಯಾಕಂದ್ರೆ ಆಗಿನ ನಿಯಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಗಲಾಟೆ ಆದ ಮೇಲೆ ಅದೇ ವರ್ಷದ ಹೊಸ ಸೀಸನ್ನಿಗೆ 48ನೇ ನಿಯಮ ಬಂತು. ಈಗ ಅದು ಮುಖ್ಯವಾಗಿ ಕೇಳೋದು ಎರಡು ಪ್ರಶ್ನೆ: ಏಟು ಮುಖ್ಯವಾಗಿ ಬಿದ್ದಿದ್ದು ತಲೆಗೇನಾ? ಅದನ್ನ ತಪ್ಪಿಸಬಹುದಿತ್ತಾ?

ತಲೆಗೆ ಮಾತ್ರ ಯಾಕಿಷ್ಟು ಕಟ್ಟುನಿಟ್ಟು? ಕೈ ಮುರಿದ್ರೆ ಎಕ್ಸ್‌ರೇಲಿ ಕಾಣುತ್ತೆ, ಕಟ್ಟು ಹಾಕ್ತಾರೆ. ತಲೆಗೆ ಏಟು ಬಿದ್ದಾಗ ಮಿದುಳು ಬುರುಡೆಯೊಳಗೇ ಅಲ್ಲಾಡುತ್ತೆ. ರಕ್ತ ಬರದೇ ಇರಬಹುದು, ಸ್ಕ್ಯಾನಲ್ಲೂ ಏನೂ ಕಾಣದೇ ಇರಬಹುದು. ಅದು ವಾಸಿಯಾಗೋ ಮೊದಲೇ ಇನ್ನೊಂದು ಏಟು ಬಿದ್ರೆ ಜೀವಕ್ಕೇ ಕುತ್ತು. ಹಾಕಿ ಸ್ಟಿಕ್ 737 ಗ್ರಾಂವರೆಗೂ ತೂಗಬಹುದು, ಗೋಲ್‌ಕೀಪರ್ ಬಿಟ್ರೆ ಉಳಿದವರು ಹೆಲ್ಮೆಟ್ ಹಾಕಲ್ಲ.

ಹಂಗಾದ್ರೆ ನನ್ನ ತೀರ್ಪು? ರೋಹಿದಾಸ್‌ರನ್ನ ಮೈದಾನದಿಂದ ಹೊರಗೆ ಕಳಿಸಿದ್ದನ್ನ ಒಪ್ತೀನಿ. ಸ್ಟಿಕ್ ಹಿಡಿದವನಿಗೆ ಅದು ಎಲ್ಲಿಗೆ ಹೋಗುತ್ತೆ ಅನ್ನೋ ಜವಾಬ್ದಾರಿ ಇರುತ್ತೆ. ನಿಷೇಧ ಮಾತ್ರ ಜಾಸ್ತಿಯಾಯ್ತು. ತಂಡ ಆಗಲೇ ಮುಕ್ಕಾಲು ಪಾಲು ಪಂದ್ಯ ಹತ್ತು ಜನರಲ್ಲಿ ಆಡಿ ಬೆಲೆ ತೆತ್ತಿತ್ತು. ಕಾರ್ಡ್ ಕೊಡುವಾಗ ಅಪಾಯ ನೋಡಿ, ನಿಷೇಧ ಹಾಕುವಾಗ ಉದ್ದೇಶವನ್ನೂ ನೋಡಿ. ಒಂದು ಮಾತು ಮಾತ್ರ: ಇದೇ ಏಟು ಹರ್ಮನ್‌ಪ್ರೀತ್ ತಲೆಗೆ ಬಿದ್ದು, ಹೊಡೆದವರು ಬ್ರಿಟನ್ನಿನವರಾಗಿದ್ರೂ ನಾನು ಹಿಂಗೇ ಹೇಳಬೇಕು. ನಿಮ್ಮ ತೀರ್ಪನ್ನೂ ಹಂಗೇ ಜರ್ಸಿ ಬದಲಾಯಿಸಿ ನೋಡಿ.

ಕೊನೆಗೆ, ನಮ್ಮೂರ ವಿಷಯ. ಕೆಲವು ವರ್ಷದ ಹಿಂದೆ ನಮ್ಮ ತಾಲ್ಲೂಕಲ್ಲಿ ಒಂದು ಕಬಡ್ಡಿ ಪಂದ್ಯ. ನಮ್ಮ ಹುಡುಗನ ತಲೆ ಇನ್ನೊಬ್ಬನ ಮೊಣಕಾಲಿಗೆ ಬಡಿದು, ಒಂದು ಕ್ಷಣ ಎಲ್ಲಿದ್ದೀನಿ ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಮತ್ತೆ ಒಳಗೆ ಕಳಿಸಿದ್ರು. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಅವನಿಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ ಅಷ್ಟೇ. ಅವತ್ತು ಫೌಲ್ ಯಾರದ್ದು ಅಂತ ಅರ್ಧ ಗಂಟೆ ಕೂಗಾಡಿದ್ವಿ, ಹುಡುಗ ಹೆಂಗಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಇಷ್ಟು ನೆನಪಿಟ್ಟುಕೊಳ್ಳಿ. ತಲೆಗೆ ಏಟು ಬಿದ್ದವನು ಆ ದಿನ ಮತ್ತೆ ಆಡಬಾರದು. ಡಾಕ್ಟರ್ ಹೇಳೋವರೆಗೂ ಕಣಕ್ಕೆ ಇಳೀಬಾರದು. ಪದೇಪದೇ ವಾಂತಿ, ಜಾಸ್ತಿಯಾಗ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದ ಮಂಪರು, ಫಿಟ್ಸ್, ಕೈಕಾಲಲ್ಲಿ ಶಕ್ತಿ ಇಲ್ಲದಿರೋದು, ಇವುಗಳಲ್ಲಿ ಒಂದು ಕಂಡ್ರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪ್ಯಾರಿಸಲ್ಲಿ ಹೇಳೋಕೆ ವಿಡಿಯೋ ಅಂಪೈರ್ ಇದ್ರು. ನಮ್ಮೂರ ಮೈದಾನದಲ್ಲಿ "ಸಾಕು, ಹೊರಗೆ ಬಾ" ಅಂತ ಹೇಳಬೇಕಾದವರು ನಾವೇ.

ರೋಹಿದಾಸ್ ಕಥೆ ಒಳ್ಳೇದಾಗೇ ಮುಗೀತು. ಆಗಸ್ಟ್ 8ರಂದು ಸ್ಪೇನ್ ಎದುರು ವಾಪಸ್ ಬಂದ್ರು, 2-1ರಿಂದ ಗೆದ್ದು ಕಂಚು ತಂದ್ರು. ನಿಮ್ಮ ತೀರ್ಪೇನು, ವಾಯ್ಸ್ ನೋಟ್ ಕಳಿಸಿ. ಬೈಯೋದಿದ್ರೂ ಪರವಾಗಿಲ್ಲ, ಜರ್ಸಿ ಬದಲಾಯಿಸಿ ನೋಡಿದ ಮೇಲೆ ಬೈಯಿರಿ. ಮುಂದಿನ ವಾರ ಸಿಗೋಣ.