ಅಚ್ಚುಮೊಳೆಯೂ ಅಕ್ಷರಗಳ ಪರವಾನಗಿಯೂ

ಸೀಸದ ಮೊಳೆಗಳ ಕಾಲದಲ್ಲಿ ಅಚ್ಚುಕೂಟದ ಯಜಮಾನನಿಗೆ ಅಕ್ಷರಗಳ ಒಡೆತನವನ್ನು ಕುರಿತು ಸಂದೇಹವಿರಲಿಲ್ಲ. ಮೊಳೆಗಳನ್ನು ತೂಕಕ್ಕೆ ಕೊಂಡು ತಂದು ಪೆಟ್ಟಿಗೆಯ ಮನೆಗಳಲ್ಲಿ ತುಂಬಿದರಾಯಿತು. ಅವು ಅವನ ಸ್ವತ್ತು. ಅವುಗಳಿಂದ ಲಗ್ನಪತ್ರಿಕೆಯನ್ನು ಮುದ್ರಿಸಲಿ, ಮಹಾಕಾವ್ಯವನ್ನು ಮುದ್ರಿಸಲಿ, ಮೊಳೆ ಎರೆದವನು ಕೇಳುವಂತಿರಲಿಲ್ಲ. ಸವೆದ ಮೊಳೆಗಳನ್ನು ಕರಗಿಸುವ ಹಕ್ಕೂ ಯಜಮಾನನದೇ.

ಇಂದು ಆ ಕೆಲಸವನ್ನು ಮಾಡುವುದು ಫಾಂಟ್ ಎಂಬ ಕಡತ. ಇದನ್ನು ಕೊಂಡೆವೆಂದು ನಾವು ಹೇಳುತ್ತೇವಾದರೂ, ವಾಸ್ತವವಾಗಿ ಕೊಂಡದ್ದು ಅದನ್ನು ಇಂತಿಂಥ ರೀತಿಯಲ್ಲಿ ಬಳಸುವ ಅನುಮತಿಯನ್ನು. ಈ ಅನುಮತಿಯ ಪತ್ರವೇ ಪರವಾನಗಿ. ಮೇಜುಗಣಕಕ್ಕೆ ಒಂದು, ಜಾಲತಾಣಕ್ಕೆ ಇನ್ನೊಂದು, ಮೊಬೈಲಿನ ಆ್ಯಪ್‌ಗೆ ಮತ್ತೊಂದು, ಇ-ಪುಸ್ತಕಕ್ಕೆ ಬೇರೊಂದು ಎಂದು ಪರವಾನಗಿಗಳು ಕವಲೊಡೆದಿರುವುದನ್ನು ಕಂಡವರು, ಇದು ಬರಿಯ ವ್ಯಾಪಾರದ ಯುಕ್ತಿಯೆಂದು ಬೇಸರಪಡುವುದುಂಟು. ಆ ಬೇಸರದಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಆದರೂ ಈ ವಿಭಾಗದ ಹಿಂದೆ ಒಂದು ಸರಳವಾದ ಪ್ರಶ್ನೆಯಿದೆ: ಓದುಗನ ಬಳಿಗೆ ಹೋಗುವುದು ಅಕ್ಷರದ ಗುರುತು ಮಾತ್ರವೊ, ಅಥವಾ ಗುರುತನ್ನು ಒತ್ತುವ ಮೊಳೆಯೇ ಹೋಗುತ್ತದೆಯೊ?

ಫಾಂಟಿನೊಳಗೆ 'ಕ' ಅಕ್ಷರದ ಸಿದ್ಧಚಿತ್ರವಿರುವುದಿಲ್ಲ. ಅದರ ಅಂಚನ್ನು ನಿರ್ಧರಿಸುವ ಬಿಂದುಗಳ ನಿರ್ದೇಶಾಂಕಗಳೂ ವಕ್ರರೇಖೆಗಳ ವಿವರವೂ ಇರುತ್ತವೆ. ಕನ್ನಡದ ಫಾಂಟಿಗೆ ಇನ್ನೂ ಒಂದು ಹೊರೆಯುಂಟು: ಯಾವ ವ್ಯಂಜನಕ್ಕೆ ಯಾವ ಒತ್ತು ಎಲ್ಲಿ ಕೂಡಬೇಕು, ಗುಣಿತದ ಚಿಹ್ನೆ ಸೇರಿದಾಗ ತಲೆಕಟ್ಟು ಏನಾಗಬೇಕು ಎಂಬ ನಿಯಮಗಳೆಲ್ಲ ಕೋಷ್ಟಕಗಳಾಗಿ ಅದರೊಳಗೇ ಅಡಗಿರಬೇಕು. ಆಕಾರ ಬೇರೆ, ಆಕಾರವನ್ನು ರಚಿಸುವ ಕಡತ ಬೇರೆ ಎಂಬ ಈ ಭೇದವನ್ನು ನ್ಯಾಯಾಲಯಗಳೂ ಕಂಡಿವೆ. ಅಕ್ಷರವಿನ್ಯಾಸಕ್ಕೆ ಕೃತಿಸ್ವಾಮ್ಯದ ನೋಂದಣಿಯನ್ನು ನಿರಾಕರಿಸಿದ್ದು ಸರಿಯೆಂದು ಅಮೆರಿಕದ ನ್ಯಾಯಾಲಯವೊಂದು ೧೯೭೮ರಲ್ಲಿ ಹೇಳಿತು; ೧೯೯೮ರಲ್ಲಿ ಅಡೋಬಿ ಸಂಸ್ಥೆಯ ಮೊಕದ್ದಮೆಯಲ್ಲಿ ಅಲ್ಲಿಯದೇ ಇನ್ನೊಂದು ನ್ಯಾಯಾಲಯ, ಫಾಂಟಿನ ಕಡತಕ್ಕೆ ಗಣಕದ ಕ್ರಮವಿಧಿಗಿರುವಂತೆಯೇ ಕೃತಿಸ್ವಾಮ್ಯವುಂಟೆಂದು ತೀರ್ಮಾನಿಸಿತು. ಇತರ ದೇಶಗಳಲ್ಲೆಲ್ಲ ಇದೇ ನಿಯಮವೆಂದು ವಾಚಕರು ಭಾವಿಸಬಾರದು.

ಈಗ ಒಬ್ಬ ಪ್ರಕಾಶಕರನ್ನು ಕಲ್ಪಿಸಿಕೊಳ್ಳೋಣ. ಮೇಜುಗಣಕದ ಪರವಾನಗಿಯುಳ್ಳ ಫಾಂಟಿನಿಂದ ಅವರು ಕಾದಂಬರಿಯೊಂದನ್ನು ಮುದ್ರಿಸಿದ್ದಾರೆ. ಕಾಗದಕ್ಕೆ ಹತ್ತಿದ್ದು ಮಸಿ. ಮೊಳೆ ಕಚೇರಿಯಲ್ಲೇ ಉಳಿದಿದೆ. ಆದುದರಿಂದ ಈ ಪರವಾನಗಿಯಲ್ಲಿ ಸಾಮಾನ್ಯವಾಗಿ ಎಣಿಸುವುದು ಫಾಂಟನ್ನು ಸ್ಥಾಪಿಸಿರುವ ಗಣಕಗಳನ್ನು, ಇಲ್ಲವೆ ಬಳಸುವ ಜನರನ್ನು. ಪ್ರತಿಗಳು ಸಾವಿರವಾದರೂ ಅಷ್ಟೆ, ಲಕ್ಷವಾದರೂ ಅಷ್ಟೆ. ಮುದ್ರಣಾಲಯಕ್ಕೆ ಕಳುಹಿಸುವ ಪಿಡಿಎಫ್‌ನೊಳಗೆ ಮಾತ್ರ ಫಾಂಟಿನ ಬೇಕಾದಷ್ಟು ಭಾಗ ಸೇರಿಕೊಳ್ಳುತ್ತದೆ. ಇದಕ್ಕೆ ಒಪ್ಪಿಗೆಯುಂಟೆ ಎಂಬುದನ್ನು ಫಾಂಟಿನೊಳಗೇ ಒಂದು ಸಂಖ್ಯೆಯಾಗಿ ಬರೆದಿಡುವ ಏರ್ಪಾಡಿದೆ: ೦ ಇದ್ದರೆ ತಡೆಯಿಲ್ಲ, ೨ ಇದ್ದರೆ ಸೇರಿಸಕೂಡದು, ೪ ಇದ್ದರೆ ನೋಡುವುದಕ್ಕೂ ಮುದ್ರಿಸುವುದಕ್ಕೂ ಮಾತ್ರ, ೮ ಇದ್ದರೆ ತಿದ್ದುವುದಕ್ಕೂ ಆದೀತು. ಈ ಸಂಖ್ಯೆ ಸೂಚನೆ ಮಾತ್ರ; ಕಡೆಯ ಮಾತು ಪರವಾನಗಿಯ ಪಠ್ಯದ್ದೇ.

ಅದೇ ಕಾದಂಬರಿಯ ಅಧ್ಯಾಯವೊಂದನ್ನು ಅದೇ ಅಕ್ಷರಗಳಲ್ಲಿ ಜಾಲತಾಣದಲ್ಲಿ ಪ್ರಕಟಿಸಿದರೆ ಸನ್ನಿವೇಶ ಪೂರ್ತಿ ಬದಲಾಗುತ್ತದೆ. ಪುಟವನ್ನು ತೆರೆದವರ ಗಣಕಕ್ಕೆ ಫಾಂಟಿನ ಕಡತವೇ ಇಳಿಯುತ್ತದೆ. ಅಂದರೆ ಮೊಳೆಯೇ ಮನೆಮನೆಗೆ ಹೋಗುತ್ತದೆ. ಜಾಲದ ಪರವಾನಗಿಯನ್ನು ಅನೇಕ ವೇಳೆ ಪುಟವೀಕ್ಷಣೆಗಳ ಸಂಖ್ಯೆಯಿಂದ ಅಳೆಯುವುದು ಇದಕ್ಕಾಗಿ. ಆ್ಯಪ್‌ನೊಳಗೆ ಕಟ್ಟಿ ಕಳುಹಿಸಿದರೂ ಇದೇ ಕಥೆ. ವಿಂಡೋಸಿನೊಡನೆ ಬಂದಿರುವ ನಿರ್ಮಲಾ ಫಾಂಟಿನಿಂದ ಯಾರು ಬೇಕಾದರೂ ಪತ್ರ ಬರೆದು ಮುದ್ರಿಸಬಹುದು; ಆ ಕಡತವನ್ನು ತಮ್ಮ ಜಾಲತಾಣದಿಂದ ಹಂಚುವ ಅಧಿಕಾರ ಅದರಿಂದ ಬಂದಂತಾಗುವುದಿಲ್ಲ.

ಇ-ಪುಸ್ತಕದ ವಿಚಾರ ಇನ್ನೂ ಸ್ವಾರಸ್ಯದ್ದು. ಇ-ಪಬ್ ಎಂಬುದು ಹಲವು ಕಡತಗಳನ್ನು ಕಟ್ಟಿಟ್ಟ ಜಿಪ್ ಗಂಟು. ಗಂಟನ್ನು ಬಿಚ್ಚಿದರೆ ಫಾಂಟ್ ಕೈಗೆ ಸಿಕ್ಕುತ್ತದೆ. ಹೀಗಾಗದಿರಲೆಂದು ಒಂದು ಉಪಾಯ ಮಾಡಿದ್ದಾರೆ: ಪುಸ್ತಕದ ಗುರುತುಸಂಖ್ಯೆಯಿಂದ ಬೀಜಸಂಖ್ಯೆಯೊಂದನ್ನು ಪಡೆದು, ಫಾಂಟಿನ ಮೊದಲ ೧೦೪೦ ಬೈಟುಗಳನ್ನು ಅದರೊಡನೆ ಬೆರೆಸಿ ಕಲಕಿಬಿಡುವುದು. ಗುರುತುಸಂಖ್ಯೆ ಅದೇ ಗಂಟಿನಲ್ಲಿರುವುದರಿಂದ ತಿಳಿದವರು ಇದನ್ನು ಬಿಡಿಸಬಲ್ಲರು. ಹಾದಿಹೋಕರ ಕೈ ತಡೆಯಲು ಇಷ್ಟು ಬೇಲಿ ಸಾಕೆಂದು ಭಾವನೆ. ಆದರೆ ಕಲಕಿದ ಮಾತ್ರಕ್ಕೆ ಪರವಾನಗಿ ದೊರೆತಂತಲ್ಲ. ಇದನ್ನು ಬಹುಮಟ್ಟಿಗೆ ಒಂದೊಂದು ಪುಸ್ತಕಕ್ಕೂ ಬೇರೆಬೇರೆಯಾಗಿ ಪಡೆಯಬೇಕು. ಹಳೆಯ ಇನ್ನೂರು ಪುಸ್ತಕಗಳನ್ನು ಒಮ್ಮೆಗೆ ಇ-ಪುಸ್ತಕಗಳಾಗಿಸಲು ಹೊರಟ ಸಣ್ಣ ಪ್ರಕಾಶಕರಿಗೆ ಈ ಒಂದು ವಾಕ್ಯ ಎಷ್ಟು ಭಾರವಾದೀತೆಂಬುದನ್ನು ಊಹಿಸಬಹುದು.

ಇಂಥವರಿಗೆ ನೆರವಾಗುವುದು ಮುಕ್ತ ಪರವಾನಗಿ. ಸಿಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸಿನ ೧.೧ನೆಯ ಆವೃತ್ತಿ ೨೦೦೭ರಲ್ಲಿ ಬಂದಿತು. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಫಾಂಟುಗಳು ಇದರಡಿಯಲ್ಲಿವೆ. ನಾಲ್ಕು ಬಗೆಯ ಬಳಕೆಗೂ ಇಲ್ಲಿ ಅನುಮತಿಯುಂಟು. ಆದರೆ ಫಾಂಟನ್ನಷ್ಟೇ ಬಿಡಿಯಾಗಿ ಮಾರಕೂಡದು; ಕಡತವನ್ನು ಹಂಚುವಾಗ ಪರವಾನಗಿಯ ಪಠ್ಯವೂ ಜೊತೆಗಿರಬೇಕು; ಕರ್ತೃ ಹೆಸರನ್ನು ಕಾದಿರಿಸಿದ್ದರೆ, ಬದಲಾಯಿಸಿದ ಫಾಂಟಿಗೆ ಬೇರೆ ಹೆಸರಿಡಬೇಕು. ಗಾತ್ರ ಕುಗ್ಗಿಸಲು ಅಕ್ಷರಗಳನ್ನು ಕತ್ತರಿಸುವುದೂ ಬದಲಾವಣೆಯೇ. ಕನ್ನಡದಲ್ಲಿ ಈ ಕತ್ತರಿ ಅಪಾಯಕರವೂ ಹೌದು. ಕೋಷ್ಟಕಗಳು ಬಿದ್ದುಹೋದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ನಮ್ಮ ಪ್ರಕಾಶಕರು ಕಾದಂಬರಿಯ ಒಳಪುಟಗಳಿಗೆ ಇಂಥ ಮುಕ್ತ ಫಾಂಟನ್ನು ಬಳಸಿ, ಹಣ ಕೊಟ್ಟು ತಂದ ಫಾಂಟನ್ನು ಮುಖಪುಟದ ಶೀರ್ಷಿಕೆಗೆ ಮಾತ್ರ ಉಳಿಸಿಕೊಳ್ಳಬಹುದು. ಶೀರ್ಷಿಕೆಯನ್ನು ಚಿತ್ರವಾಗಿ ಸೇರಿಸಿದರೆ ಹೋಗುವುದು ಗುರುತು ಮಾತ್ರ. ಅದಕ್ಕೆ ಸಾಮಾನ್ಯವಾಗಿ ಮೇಜುಗಣಕದ ಪರವಾನಗಿಯೇ ಸಾಕಾಗುತ್ತದೆ.