ವಿಪಿಎನ್ ಸಿಕ್ಕರೂ ಕಚೇರಿಯ ಫೋಲ್ಡರ್ ತೆರೆಯದೇಕೆ?

ವಿಪಿಎನ್ ಸಂಪರ್ಕ ಸಿಕ್ಕ ಮೇಲೂ ಹಂಚಿಕೆಯ ಫೋಲ್ಡರ್ ತೆರೆಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸರ್ವರಿನ ಹೆಸರನ್ನು. ಕಚೇರಿಯೊಳಗೆ ಕಂಪ್ಯೂಟರುಗಳು ಎಲ್ಲರಿಗೂ ಕೇಳುವಂತೆ ಕೂಗಿ ಒಂದನ್ನೊಂದು ಪತ್ತೆಹಚ್ಚಬಲ್ಲವು. ಆ ಕೂಗು ಸಾಮಾನ್ಯವಾಗಿ ವಿಪಿಎನ್ ದಾಟುವುದಿಲ್ಲ. ಹೆಸರಿನ ಬದಲು \\192.168.10.5 ಎಂಬಂತೆ ಐಪಿ ವಿಳಾಸ ಕೊಟ್ಟಾಗ ಫೋಲ್ಡರ್ ತೆರೆದುಕೊಂಡರೆ ತೊಡಕು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನದು. ಆಗಲೂ ತೆರೆಯದಿದ್ದರೆ ಸರ್ವರಿನ ಫೈರ್‌ವಾಲ್ ನೋಡಬೇಕು: ಫೈಲ್ ಹಂಚಿಕೆಯ 445ನೇ ಪೋರ್ಟನ್ನು ವಿಂಡೋಸ್ ಹಲವೊಮ್ಮೆ ಸ್ಥಳೀಯ ಜಾಲಕ್ಕಷ್ಟೇ ತೆರೆದಿಟ್ಟಿರುತ್ತದೆ. ಅಲ್ಲಿ ವಿಪಿಎನ್‌ನ ವಿಳಾಸಗಳನ್ನೂ ಸೇರಿಸಬೇಕು.

ಬೇಗ ಹೊಳೆಯದ ಕಾರಣ ಇನ್ನೊಂದಿದೆ. ಮನೆಯ ರೌಟರೂ ಕಚೇರಿಯ ಜಾಲವೂ 192.168.1 ಎಂಬ ಒಂದೇ ಶ್ರೇಣಿಯಲ್ಲಿದ್ದರೆ ಕಂಪ್ಯೂಟರ್ ಸರ್ವರನ್ನು ಮನೆಯೊಳಗೇ ಹುಡುಕುತ್ತದೆ. ಮನೆಯ ಶ್ರೇಣಿ ಬದಲಿಸಿದರೆ ಸರಿಹೋಗುತ್ತದೆ. ಎಷ್ಟೇ ಅವಸರವಿದ್ದರೂ 445ನ್ನು ನೇರ ಇಂಟರ್ನೆಟ್ಟಿಗೆ ತೆರೆಯಕೂಡದು. 2017ರಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ಪೋರ್ಟಿನ ಮೂಲಕ.