ಕಡಲ ಮಗ್ಗುಲಲ್ಲೊಂದು ಒಳದಾರಿ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಯಿದೋಣಿ ನಡೆಸುವವರು ಕೇಪ್ ಹ್ಯಾಟರಸ್ ಭೂಶಿರವನ್ನು ದಾಟುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನಾರ್ತ್ ಕ್ಯಾರೊಲಿನಾ ರಾಜ್ಯದ ಈ ಮರಳ ಚಾಚಿನ ಮುಂದೆ ನೀರಿನಡಿಯ ದಿಣ್ಣೆಗಳು ಕಡಲೊಳಗೆ ಬಹುದೂರ ಹಬ್ಬಿವೆ. ಅದರಾಚೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಈಶಾನ್ಯಕ್ಕೆ ಹರಿಯುತ್ತದೆ. ಅದಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ದೊಡ್ಡ ಹಡಗುಗಳೇ ಮುಳುಗಿದ ಜಾಗವಿದು. ಇಪ್ಪತ್ತೈದು ಮೂವತ್ತು ಅಡಿ ಉದ್ದದ ದೋಣಿಯಲ್ಲಿ ಅಡುಗೆ, ನಿದ್ದೆ ಎಲ್ಲವನ್ನೂ ಮಾಡಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡುವ ಇಬ್ಬರು ಇಲ್ಲಿಗೆ ಬಂದು ಸಾಹಸ ಮಾಡಬೇಕಾಗಿಲ್ಲ. ಅವರಿಗೆ ಒಳಗಿನ ದಾರಿಯೊಂದಿದೆ.

ವರ್ಜೀನಿಯಾದ ನಾರ್ಫೋಕ್ ಬಂದರಿನಲ್ಲಿ ಶುರುವಾಗುವ ಈ ಜಲಮಾರ್ಗದ ಹೆಸರು ಇಂಟ್ರಾಕೋಸ್ಟಲ್ ವಾಟರ್‌ವೇ. ಅಲ್ಲಿಂದ ಫ್ಲಾರಿಡಾದ ಮಯಾಮಿಗೆ ಸುಮಾರು 1,090 ಮೈಲಿ, ಎಂದರೆ 1,750 ಕಿಲೋಮೀಟರ್. ಕಡಲಿಗೂ ಇದಕ್ಕೂ ನಡುವೆ ಬಹುಪಾಲು ಕಡೆ ಒಂದು ಮರಳ ದ್ವೀಪ ಅಡ್ಡ ಇರುತ್ತದೆ. ನದಿ, ಅಳಿವೆ, ಹಿನ್ನೀರು, ಜೌಗು ಒಂದಕ್ಕೊಂದು ಕೂಡಿಕೊಳ್ಳುತ್ತಾ ಹೋಗುತ್ತವೆ. ಕೂಡದ ಕಡೆ ಮನುಷ್ಯರು ಅಗೆದು ಕೂಡಿಸಿದ್ದಾರೆ.

ಅಗೆದವರು ಯಾರು ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಾರ್ಫೋಕ್‌ನಿಂದ ದಕ್ಷಿಣಕ್ಕೆ ಇಳಿಯುವ ಎರಡು ಕವಲುಗಳಲ್ಲಿ ಒಂದು ಡಿಸ್ಮಲ್ ಸ್ವಾಂಪ್ ಕಾಲುವೆ. 1793ರಲ್ಲಿ ಅಗೆತ ಆರಂಭವಾಗಿ 1805ರಲ್ಲಿ ಸಂಚಾರಕ್ಕೆ ತೆರೆಯಿತು. ಕೆಲಸಕ್ಕೆ ಹಚ್ಚಿದ್ದು ಗುಲಾಮರನ್ನು, ಒಡೆಯರಿಗೆ ಬಾಡಿಗೆ ಕೊಟ್ಟು ತಂದವರನ್ನು. ಇದೇ ಕಾಲುವೆಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಮೋಸೆಸ್ ಗ್ರ್ಯಾಂಡಿ ಎಂಬ ಗುಲಾಮ ದುಡಿದು ಹಣ ಕೂಡಿಸಿ ತನ್ನ ಬಿಡುಗಡೆಯನ್ನು ಕೊಂಡುಕೊಂಡ. ಎರಡು ಸಲ ಒಡೆಯರು ಹಣ ಪಡೆದೂ ಮೋಸ ಮಾಡಿದರು. ಮೂರನೆಯ ಸಲ ತೆತ್ತ ಮೇಲೆ ಸ್ವತಂತ್ರನಾದ. 1843ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ, ಸೊಂಟದವರೆಗಿನ ಕೆಸರು ನೀರಿನಲ್ಲಿ ನಿಂತು ಬೇರು ಕಡಿಯುತ್ತಿದ್ದವರ ಚಿತ್ರ ಇದೆ. ಇದೇ ಜೌಗಿನ ಒಳಭಾಗದಲ್ಲಿ ತಪ್ಪಿಸಿಕೊಂಡ ಗುಲಾಮರು ತಲೆಮಾರುಗಳ ಕಾಲ ಅಡಗಿ ಬಾಳಿದ್ದರು. ಇಂದು ಆ ಕಾಲುವೆಯಲ್ಲಿ ಹೋಗುವಾಗ ಎರಡೂ ಬದಿಯ ಮರಗಳು ಮೇಲೆ ಬಾಗಿರುತ್ತವೆ. ಎಲೆ ತೊಗಟೆಗಳ ಒಗರು ಇಳಿದು ನೀರು ಕಪ್ಪುಗೆಂಪಾಗಿರುತ್ತದೆ. ಅದರ ಚೆಲುವನ್ನು ಮೆಚ್ಚುವವರು ಈ ಚರಿತ್ರೆಯನ್ನೂ ತಿಳಿದಿರಬೇಕು.

ಇನ್ನೊಂದು ಕವಲು ಉಗಿಯಂತ್ರಗಳಿಂದ ಅಗೆದು 1859ರಲ್ಲಿ ತೆರೆದದ್ದು, ಹೆಚ್ಚು ಆಳವಾದದ್ದು. ಸರಕಿನ ಬಾರ್ಜುಗಳೆಲ್ಲ ಆ ಕಡೆಯಿಂದ ಹೋಗುತ್ತವೆ.

ಒಳದಾರಿ ಎಂದ ಕೂಡಲೇ ನಿಶ್ಚಿಂತೆಯ ದಾರಿ ಎಂದುಕೊಳ್ಳುವುದು ಸಹಜ. ಕಡಲ ಅಪಾಯ ಇಲ್ಲಿಲ್ಲ, ನಿಜ. ಆದರೆ ಹೊರಗಡಲಲ್ಲಿ ದೋಣಿಗಾರನ ಗಮನವೆಲ್ಲ ಗಾಳಿಯ ಮೇಲಿದ್ದರೆ ಇಲ್ಲಿ ಅದು ದೋಣಿಯ ಅಡಿಗಿರುವ ನೀರಿನ ಮೇಲಿರಬೇಕು. ಈ ಮಾರ್ಗದ ಉಸ್ತುವಾರಿ ಅಮೆರಿಕ ಸೇನೆಯ ಎಂಜಿನಿಯರುಗಳ ಪಡೆಯದು. ನಾರ್ಫೋಕ್‌ನಿಂದ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳ ಕಾಯ್ದುಕೊಳ್ಳಬೇಕೆಂಬುದು ಗುರಿ. ಹೂಳು ಆ ಗುರಿಯನ್ನು ಕೇಳುವುದಿಲ್ಲ. ಜಾರ್ಜಿಯಾದ ಕೆಲವು ಕಡೆ ಇಳಿತದ ವೇಳೆಗೆ ಐದಡಿ ನೀರೂ ಸಿಗದು. ನಮ್ಮ ಕರಾವಳಿಯ ಗಂಗೊಳ್ಳಿಯ ಅಳಿವೆಯಲ್ಲಿ ಮೀನಿನ ದೋಣಿ ತರುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂಳು ಎಲ್ಲಿ ಕೂರುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಜಾರ್ಜಿಯಾದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಏಳರಿಂದ ಒಂಬತ್ತು ಅಡಿಗಳ ವ್ಯತ್ಯಾಸ. ಉಬ್ಬರದ ನೀರು ಉತ್ತರದ ಅಳಿವೆಯಿಂದಲೂ ದಕ್ಷಿಣದ ಅಳಿವೆಯಿಂದಲೂ ಒಳನುಗ್ಗಿ, ದ್ವೀಪದ ಬೆನ್ನ ಹಿಂದೆ ಎಲ್ಲೋ ಒಂದು ಕಡೆ ಎದುರುಬದುರಾಗುತ್ತದೆ. ಅಲ್ಲಿ ಸೆಳೆತ ಸತ್ತು, ಹೊತ್ತು ತಂದ ಕೆಸರು ತಳ ಸೇರುತ್ತದೆ. ನಾವಿಕರು ಹೆದರುವ ಲಿಟ್ಲ್ ಮಡ್ ರಿವರ್‌ನಂಥ ಜಾಗಗಳಲ್ಲಿ ಕೆಸರು ಕೂಡುವುದು ಹೀಗೆ. ಇದನ್ನು ಅರಿತವರಿಗೆ ಲಾಭವೂ ಉಂಟು. ಉಬ್ಬರದ ಜೊತೆ ಒಳಗೆ ಬಂದು, ನೀರು ತುಂಬಲು ಇನ್ನು ಸ್ವಲ್ಪವೇ ಇರುವಾಗ ಆ ಸಂಧಿಯನ್ನು ದಾಟಿ, ಇಳಿತದ ಜೊತೆ ಮುಂದಿನ ಅಳಿವೆಗೆ ಇಳಿದರೆ ಎರಡೂ ಸಲ ಸೆಳೆತ ದೋಣಿಯನ್ನು ಮುಂದಕ್ಕೇ ಒಯ್ಯುತ್ತದೆ. ಗಂಟೆಗೆ ಎಂಟೊಂಬತ್ತು ಕಿಲೋಮೀಟರ್ ಹೋಗುವ ದೋಣಿಗೆ ಇದು ದೊಡ್ಡ ಸಹಾಯ.

ತೆಳುನೀರಿನ ಜಾಗಕ್ಕೆ ನೀರು ಏರುತ್ತಿರುವಾಗಲೇ ಹೋಗಬೇಕು. ಆಗ ತಳ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತುತ್ತದೆ. ತುಂಬು ಉಬ್ಬರದಲ್ಲಿ ತಾಗಿದರೆ ಮುಂದಿನ ಉಬ್ಬರದವರೆಗೆ, ಎಂದರೆ ಸುಮಾರು ಹನ್ನೆರಡೂವರೆ ಗಂಟೆ ವಾಲಿಕೊಂಡು ಕೂರಬೇಕು. ನೀರು ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಇಳಿತದ ಹನ್ನೆರಡನೇ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು ಪಾಲು, ಆಮೇಲೆ ಮತ್ತೆ ಎರಡು, ಒಂದು. ಹೀಗಾಗಿ ನಡುವಿನ ಎರಡು ಗಂಟೆಗಳಲ್ಲಿ ಅರ್ಧದಷ್ಟು ನೀರು ಹೋಗಿರುತ್ತದೆ. ತಳ ತಾಗಿದ ಮೇಲೆ ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ ಎಂಬುದಕ್ಕೆ ಕಾರಣ ಇದೇ.

ತಲೆಯ ಮೇಲಿನ ಅಳತೆಯೂ ಇದೆ. ದಾರಿಯ ಸ್ಥಿರ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56. ದೊಡ್ಡ ಹಾಯಿಹಡಗಿನ ಕಂಬ ಇಲ್ಲಿ ಸಿಕ್ಕಿಬೀಳುತ್ತದೆ. ಕಿರುದೋಣಿಗೆ ಮೂರು ನಾಲ್ಕು ಅಡಿ ನೀರು, ನಲವತ್ತು ಅಡಿ ಆಕಾಶ ಸಾಕು. ಈ ದಾರಿಯಲ್ಲಿ ಚಿಕ್ಕದಾಗಿರುವುದೇ ಅನುಕೂಲ ಎಂದು ನಾನು ದೃಢವಾಗಿ ನಂಬುತ್ತೇನೆ.

ದಾರಿಗುರುತುಗಳನ್ನು ಓದುವಾಗ ಎಚ್ಚರ ಬೇಕು. ದಕ್ಷಿಣಕ್ಕೆ ಹೋಗುವಾಗ ಸಾಮಾನ್ಯವಾಗಿ ಕೆಂಪು ತ್ರಿಕೋನ ಬಲಕ್ಕೆ, ಹಸಿರು ಚೌಕ ಎಡಕ್ಕೆ. ಆದರೆ ಕೇಪ್ ಫಿಯರ್ ನದಿಯಲ್ಲಿ ಕಡಲಿನತ್ತ ಇಳಿಯುವಾಗ ನದಿಯ ಗುರುತುಗಳು ತಿರುಗುಮುರುಗು: ಕೆಂಪು ಎಡಕ್ಕೆ ಬರುತ್ತದೆ. ಅಂಥಲ್ಲಿ ಗುರುತಿನ ಮೇಲೆ ಅಂಟಿಸಿದ ಪುಟ್ಟ ಹಳದಿ ಆಕಾರವನ್ನೇ ನಂಬಬೇಕು. ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ.

ಹಾಯಿ ಬಿಚ್ಚುವ ಅವಕಾಶ ಎಲ್ಲೆಲ್ಲೂ ಇಲ್ಲ. ಇಕ್ಕಟ್ಟಾದ ಕಾಲುವೆಯಲ್ಲಿ ಎಂಜಿನ್ನೇ ಗತಿ. ಆಲ್ಬೆಮಾರ್ಲ್ ಸೌಂಡ್‌ನಂಥ ಅಗಲ ನೀರಿನಲ್ಲಿ ಹಾಯಿ ಅರಳುತ್ತದೆ, ಆದರೆ ಅಲ್ಲಿ ಆಳ ಕಡಿಮೆ. ಗಾಳಿ ಸ್ವಲ್ಪ ಜೋರಾದರೆ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ ಎದ್ದು ದೋಣಿಯನ್ನು ಕುಲುಕಿಬಿಡುತ್ತವೆ.

ಸಂಜೆ ಲಂಗರು ಹಾಕುವಾಗಲೂ ಉಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಳಿತದಲ್ಲಿ ಎಂಟಡಿ ನೀರು, ದೋಣಿಯ ಮೂತಿ ನೀರಿನಿಂದ ನಾಲ್ಕಡಿ ಮೇಲೆ ಎಂದುಕೊಳ್ಳಿ. ಒಟ್ಟು ಹನ್ನೆರಡು, ಲಂಗರು ಗಟ್ಟಿಯಾಗಿ ಹಿಡಿಯಲು ಅದರ ಏಳರಷ್ಟು ಹಗ್ಗ ಬೇಕು, ಎಂದರೆ 84 ಅಡಿ. ನಡುರಾತ್ರಿ ನೀರು ಎಂಟಡಿ ಏರಿದಾಗ ಅದೇ ಹಗ್ಗ ನಾಲ್ಕರಷ್ಟಕ್ಕೆ ಇಳಿಯುತ್ತದೆ, ಲಂಗರನ್ನು ಮೇಲಕ್ಕೆ ಎಳೆಯತೊಡಗುತ್ತದೆ. ಹಾಗಾಗಿ ಬಿಡಬೇಕಾದದ್ದು 140 ಅಡಿ. ಸೆಳೆತ ದಿಕ್ಕು ಬದಲಿಸಿದಾಗ ದೋಣಿ ಅಷ್ಟುದ್ದದ ಹಗ್ಗದ ಮೇಲೆ ಸುತ್ತು ತಿರುಗುತ್ತದೆ, ಅದಕ್ಕೆ ಬೇಕಾದ ಜಾಗವನ್ನು ಹಗಲಿರುವಾಗಲೇ ನೋಡಿಟ್ಟುಕೊಳ್ಳಬೇಕು. ಮಲಗುವ ಮುನ್ನ ಮಾಡಬೇಕಾದದ್ದು ಇನ್ನೊಂದು: ನಾಳೆಯ ತೆಳುನೀರಿನ ಸಂಧಿಯಲ್ಲಿ ಉಬ್ಬರ ಎಷ್ಟು ಹೊತ್ತಿಗೆಂದು ಕೋಷ್ಟಕದಲ್ಲಿ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಹೊರಡುವ ಗಂಟೆಯನ್ನು ಗೊತ್ತುಮಾಡಿಕೊಳ್ಳುವುದು.